ಹೆಲಿಕಾಪ್ಟರ್ ಕಲಿಯುವವರಿಗೆ ಯಾವ ಹೆಡ್‌ಸೆಟ್: ಸಾದಾ ಹೆಡ್‌ಸೆಟ್ಟೋ, ಸದ್ದಳಿಸುವ ಹೆಡ್‌ಸೆಟ್ಟೋ?

ಹೆಲಿಕಾಪ್ಟರ್ ತರಬೇತಿಗೆ ಸೇರಿದವರು ವೈದ್ಯಕೀಯ ಪರೀಕ್ಷೆ, ಪುಸ್ತಕಗಳ ಓಡಾಟ ಮುಗಿಸಿದ ಮೇಲೆ ಎದುರಿಸುವ ಮೊದಲ ದೊಡ್ಡ ಖರೀದಿಯೆಂದರೆ ಹೆಡ್‌ಸೆಟ್. ಅದರ ಬಗ್ಗೆ ಅವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಕಿವಿ ಒಮ್ಮೆ ಕೆಟ್ಟರೆ ಮತ್ತೆ ಸರಿಹೋಗುವುದಿಲ್ಲ, ಆದ್ದರಿಂದ ಮೊದಲ ದಿನದಿಂದಲೇ ಸದ್ದನ್ನು ವಿದ್ಯುನ್ಮಾನ ವಿಧಾನದಿಂದ ಅಳಿಸುವ ಎಎನ್‌ಆರ್ ಹೆಡ್‌ಸೆಟ್ ಕೊಳ್ಳಿ ಎನ್ನುವವರು ಒಂದು ಕಡೆ. ಎಂಜಿನ್ ಮತ್ತು ರೋಟರ್‌ಗಳ ದನಿಯಿಂದಲೇ ಯಂತ್ರದ ಸ್ಥಿತಿಯನ್ನು ಗುರುತಿಸುವ ಅಭ್ಯಾಸ ಕಲಿಕೆಯ ಹಂತದಲ್ಲೇ ಬರಬೇಕು, ಆ ದನಿಯನ್ನೇ ಅಳಿಸಿಕೊಂಡು ಕುಳಿತರೆ ಕಲಿಯುವುದೇನನ್ನು ಎಂದು ಕೇಳುವ ಹಳೆಯ ತರಬೇತುದಾರರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಎರಡೂ ಕಡೆಯವರು ಕೊಡುವ ಕಾರಣಗಳು ಯಂತ್ರದೊಳಗೆ ನಿಜವಾಗಿ ನಡೆಯುವುದಕ್ಕೆ ಪೂರ್ತಿ ಹೊಂದುವುದಿಲ್ಲ. ಎಎನ್‌ಆರ್‌ನಿಂದ ವಿದ್ಯಾರ್ಥಿಗೆ ಆಗುವ ದೊಡ್ಡ ಲಾಭವೆಂದರೆ ತರಬೇತುದಾರರ ಮಾತು ಕಡಿಮೆ ವಾಲ್ಯೂಮ್‌ನಲ್ಲೂ ಸ್ಪಷ್ಟವಾಗಿ ಕೇಳುವುದು ಎಂಬುದು ನನ್ನ ಅಭಿಪ್ರಾಯ. ಅದರ ಅಪಾಯವೆಂದು ಹೇಳಲಾಗುವ ಸಂಗತಿಗಳಲ್ಲಿ ಕೆಲವು ಸಾದಾ ಹೆಡ್‌ಸೆಟ್‌ಗೇ ಹೆಚ್ಚಾಗಿ ಅನ್ವಯಿಸುತ್ತವೆ.

ಯಾವುದು ಯಾವ ಸದ್ದನ್ನು ತಡೆಯುತ್ತದೆ

ಸಾದಾ ಹೆಡ್‌ಸೆಟ್ ಗಟ್ಟಿಯಾದ ಬಟ್ಟಲು, ಅದರೊಳಗಿನ ಸ್ಪಂಜು, ಕಿವಿಯ ಸುತ್ತ ಕೂರುವ ಮೆತ್ತನೆಯ ದಿಂಡು ಮತ್ತು ತಲೆಯನ್ನು ಒತ್ತಿ ಹಿಡಿಯುವ ಪಟ್ಟಿ, ಇಷ್ಟರ ಬಲದಿಂದಲೇ ಸದ್ದನ್ನು ತಡೆಯುತ್ತದೆ. ಈ ತಡೆ ಎಲ್ಲ ಸದ್ದುಗಳಿಗೂ ಒಂದೇ ಸಮನಾಗಿರುವುದಿಲ್ಲ. ಕೀರಲು ದನಿ, ಶಿಳ್ಳೆ, ಗಾಳಿಯ ಸುಯ್ಲಿನಂಥ ಹೆಚ್ಚಿನ ಕಂಪನಾಂಕದ ಸದ್ದುಗಳು ಮೂವತ್ತು ಡೆಸಿಬೆಲ್‌ಗೂ ಮೀರಿ ತಗ್ಗುತ್ತವೆ. 125 ಹರ್ಟ್ಸ್ ಆಸುಪಾಸಿನ ಗುಡುಗುಟ್ಟುವ ಸದ್ದು ಸಾಮಾನ್ಯವಾಗಿ ಹತ್ತು ಹದಿನೈದು ಡೆಸಿಬೆಲ್‌ಗಳಷ್ಟೇ ತಗ್ಗುತ್ತದೆ. ಎಎನ್‌ಆರ್ ಹೆಡ್‌ಸೆಟ್‌ನಲ್ಲಿ ಇದೇ ಬಟ್ಟಲಿನೊಳಗೆ ಒಂದು ಪುಟ್ಟ ಮೈಕ್ ಇರುತ್ತದೆ. ಒಳಗೆ ನುಸುಳಿದ ಸದ್ದನ್ನು ಅದು ಗ್ರಹಿಸುತ್ತದೆ, ಸರ್ಕ್ಯೂಟು ಆ ಸದ್ದಿನ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರಿನಿಂದ ಹೊರಡಿಸುತ್ತದೆ, ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಈ ಉಪಾಯ ಚೆನ್ನಾಗಿ ನಡೆಯುವುದು ಸುಮಾರು 1000 ಹರ್ಟ್ಸ್‌ಗಿಂತ ಕೆಳಗೆ ಮಾತ್ರ. ಅದಕ್ಕಿಂತ ಮೇಲೆ ಅಲೆಗಳು ಎಷ್ಟು ಚಿಕ್ಕವಾಗುತ್ತವೆಂದರೆ ಮೈಕ್ ಇರುವ ಜಾಗಕ್ಕೂ ಕಿವಿಯ ತಮಟೆಗೂ ನಡುವಿನ ಅಂತರದಲ್ಲೇ ಲೆಕ್ಕ ತಪ್ಪುತ್ತದೆ. ಆದ್ದರಿಂದ ಯಾವ ಎಎನ್‌ಆರ್ ಹೆಡ್‌ಸೆಟ್ ಆದರೂ ಮೇಲಿನ ಕಂಪನಾಂಕಗಳಲ್ಲಿ ಸಾದಾ ಹೆಡ್‌ಸೆಟ್ಟೇ.

ತರಬೇತಿಯ ಹೆಲಿಕಾಪ್ಟರಿನಲ್ಲಿ ಯಾವ ಸದ್ದು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ತರಬೇತಿಗೆ ಬಳಸುವ ರಾಬಿನ್ಸನ್ ಕಂಪನಿಯ ಆರ್22ರ ಎಂಜಿನ್ ಹಾರಾಟದಲ್ಲಿ ವೇಗಮಾಪಕದ ಶೇ. 104ರಲ್ಲಿ, ಅಂದರೆ ನಿಮಿಷಕ್ಕೆ 2652 ಸುತ್ತು ತಿರುಗುತ್ತಿರುತ್ತದೆ. ನಾಲ್ಕು ಸಿಲಿಂಡರ್‌ಗಳ ಈ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಇಂಧನ ಸಿಡಿಯುವುದರಿಂದ ಸೆಕೆಂಡಿಗೆ ಸುಮಾರು 88 ಬಡಿತಗಳಾಗುತ್ತವೆ. ಅದೇ ಕಂಪನಿಯ ಆರು ಸಿಲಿಂಡರ್‌ಗಳ ಆರ್44ರಲ್ಲಿ ಅದೇ ಲೆಕ್ಕ ಸುಮಾರು 136ಕ್ಕೆ ಬರುತ್ತದೆ. ಎರಡು ಅಲಗಿನ ಮುಖ್ಯ ರೋಟರ್ ಆರ್22ರಲ್ಲಿ ಸೆಕೆಂಡಿಗೆ ಸುಮಾರು 18 ಸಲ, ಆರ್44ರಲ್ಲಿ ಸುಮಾರು 14 ಸಲ ಗಾಳಿಯನ್ನು ಬಡಿಯುತ್ತದೆ. ಇದು ಕಿವಿಗೆ ಸದ್ದಾಗಿ ಕೇಳುವುದಕ್ಕಿಂತ ಎದೆಗೆ ಒತ್ತಡವಾಗಿ ತಟ್ಟುವ ಬಡಿತ. ಬಾಲದ ರೋಟರ್ ಇವೆರಡರಲ್ಲಿ 80ರಿಂದ 115 ಹರ್ಟ್ಸ್ ನಡುವೆ ಗುಂಯ್‌ಗುಡುತ್ತದೆ. ಎಲ್ಲವೂ ಎಎನ್‌ಆರ್ ಕೆಲಸ ಮಾಡುವ, ಸಾದಾ ಹೆಡ್‌ಸೆಟ್ ಸೋಲುವ ವ್ಯಾಪ್ತಿಯಲ್ಲೇ ಇವೆ. ಟರ್ಬೈನ್ ಹೆಲಿಕಾಪ್ಟರ್‌ಗಳ ಗೇರ್‌ಬಾಕ್ಸಿನ ಕೀರಲು ಬೇರೆ ವಿಷಯ. ಅಲ್ಲಿ ತಲೆಗೆ ಸರಿಯಾಗಿ ಕೂತ ಒಳ್ಳೆಯ ಬಟ್ಟಲನ್ನು ಬಿಟ್ಟರೆ ಬೇರಾವುದೂ ನೆರವಿಗೆ ಬಾರದು.

ಕಿವಿಯ ರಕ್ಷಣೆಯ ಲೆಕ್ಕ

ಸಣ್ಣ ಹೆಲಿಕಾಪ್ಟರ್‌ಗಳ ಒಳಗಿನ ಸದ್ದು ಸಾಮಾನ್ಯವಾಗಿ 90ರಿಂದ 100 ಡೆಸಿಬೆಲ್ ನಡುವೆ ಇರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯೋಷ್ ಹೇಳುವ ಮಿತಿಯ ಪ್ರಕಾರ ದಿನಕ್ಕೆ ಎಂಟು ಗಂಟೆ ಕೇಳಬಹುದಾದದ್ದು 85 ಡೆಸಿಬೆಲ್. ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಅಂದರೆ ಹೆಡ್‌ಸೆಟ್ ಇಲ್ಲದೆ ಒಂದು ಪಾಠವನ್ನೂ ಹಾರಲಾಗದು.

ಸಾದಾ ಹೆಡ್‌ಸೆಟ್ ಸಾಕೇ ಎಂಬ ಪ್ರಶ್ನೆಗೆ ಉತ್ತರ ಪೆಟ್ಟಿಗೆಯ ಮೇಲಿನ ಎನ್‌ಆರ್‌ಆರ್ ಸಂಖ್ಯೆಯಿಂದ (ಸದ್ದನ್ನು ಎಷ್ಟು ಡೆಸಿಬೆಲ್ ತಗ್ಗಿಸುತ್ತದೆಂಬ ಅಂಕಿ) ನೇರವಾಗಿ ಸಿಗುವುದಿಲ್ಲ. ಡೇವಿಡ್ ಕ್ಲಾರ್ಕ್‌ನ ಎಚ್10-13 ಸರಣಿಯಂಥ ಪ್ರಸಿದ್ಧ ಸಾದಾ ಹೆಡ್‌ಸೆಟ್‌ನ ಎನ್‌ಆರ್‌ಆರ್ 23 ಎಂದಿರುತ್ತದೆ. ಅದು ಪ್ರಯೋಗಾಲಯದಲ್ಲಿ ತಜ್ಞರೇ ತಲೆಗೆ ಕೂರಿಸಿ ಅಳೆದ ಸಂಖ್ಯೆ. ನಿಜಬಳಕೆಗೆ ಅದನ್ನು ತಗ್ಗಿಸಿ ನೋಡುವ ಒಂದು ರೂಢಿಯ ಸೂತ್ರವಿದೆ: ಏಳನ್ನು ಕಳೆದು ಉಳಿದದ್ದನ್ನು ಅರ್ಧ ಮಾಡಬೇಕು. ಹಾಗೆ ಮಾಡಿದರೆ 23 ಎಂಬುದು 8ಕ್ಕೆ ಇಳಿಯುತ್ತದೆ. ಕಾಕ್‌ಪಿಟ್‌ನ 97 ಡೆಸಿಬೆಲ್ ಕಿವಿಯ ಬಳಿ 89 ಆಗುತ್ತದೆ. ಮೂರು ಡೆಸಿಬೆಲ್ ನಿಯಮದಂತೆ ಅದಕ್ಕೆ ದಿನಕ್ಕೆ ಮೂರು ಗಂಟೆಗಿಂತ ತುಸು ಹೆಚ್ಚು ಅವಕಾಶ ಸಿಗುತ್ತದೆ. ದಿನಕ್ಕೆ ಒಂದು ಅಥವಾ ಒಂದೂವರೆ ಗಂಟೆ ಹಾರುವ ವಿದ್ಯಾರ್ಥಿಗೆ ಇದು ಸಾಕು. ಅದೇ ಯಂತ್ರದಲ್ಲಿ ವಿದ್ಯಾರ್ಥಿಗಳನ್ನು ಬದಲಿಸುತ್ತ ಐದಾರು ಗಂಟೆ ಕೂರುವ ತರಬೇತುದಾರರಿಗೆ ಸಾಲದು. ಕಿವಿಯ ರಕ್ಷಣೆಯ ಹೆಸರಿನಲ್ಲಿ ವಿದ್ಯಾರ್ಥಿಗೆ ಎಎನ್‌ಆರ್ ಕಡ್ಡಾಯ ಎನ್ನುವವರು ಬಹುಮಟ್ಟಿಗೆ ತರಬೇತುದಾರರ ಲೆಕ್ಕವನ್ನು ವಿದ್ಯಾರ್ಥಿಯ ಮೇಲೆ ಹೊರಿಸುತ್ತಿರುತ್ತಾರೆ.

ಇನ್ನೊಂದು ಸೂಕ್ಷ್ಮವೂ ಇದೆ. ಡೆಸಿಬೆಲ್ ಮಿತಿಗಳೆಲ್ಲವೂ ಕಿವಿಯ ಸಂವೇದನೆಗೆ ತಕ್ಕಂತೆ ತೂಗಿದ ಅಳತೆಗಳು, ಆ ತೂಕದಲ್ಲಿ 100 ಹರ್ಟ್ಸ್‌ನ ಸದ್ದಿಗೆ ಸುಮಾರು 19 ಡೆಸಿಬೆಲ್ ಕಡಿತವಾಗುತ್ತದೆ. ದೊಡ್ಡ ಸದ್ದಿನಿಂದ ಶ್ರವಣಶಕ್ತಿ ಮೊದಲು ಕುಸಿಯುವುದು 3000ದಿಂದ 6000 ಹರ್ಟ್ಸ್ ನಡುವಿನಲ್ಲಿ, ಸಾಮಾನ್ಯವಾಗಿ 4000ದ ಬಳಿ. ಎಎನ್‌ಆರ್ ಅಳಿಸುವ ಗುಡುಗು ಬಹಳ ದೊಡ್ಡದೆನಿಸಿದರೂ ಅಳಿಸಿದಾಗ ಸಿಗುವ ನೆಮ್ಮದಿಯಷ್ಟೇ ಪ್ರಮಾಣದಲ್ಲಿ ಕಿವಿ ಉಳಿಯಿತೆಂದು ತಿಳಿಯಬಾರದು. ಎನ್‌ಆರ್‌ಆರ್ ಸಂಖ್ಯೆಯೂ ಬಟ್ಟಲಿನ ತಡೆಯನ್ನು ಮಾತ್ರ ಹೇಳುತ್ತದೆ, ವಿದ್ಯುನ್ಮಾನ ಭಾಗದ ಕೆಲಸ ಅದರಲ್ಲಿ ಸೇರಿರುವುದಿಲ್ಲ. ಹಾಗಾಗಿ ಎರಡು ಎಎನ್‌ಆರ್ ಹೆಡ್‌ಸೆಟ್‌ಗಳನ್ನು ಹೋಲಿಸುವಾಗ ಬಟ್ಟಲಿನ ತಡೆ ಎಷ್ಟೆಂದು ಪ್ರತ್ಯೇಕವಾಗಿ ಕೇಳಬೇಕು. ತೂಕ ಕಡಿಮೆ ಮಾಡುವ ಭರದಲ್ಲಿ ತೆಳುವಾದ ಬಟ್ಟಲು ಕೊಟ್ಟಿರುವ ಮಾದರಿಗಳು ಬ್ಯಾಟರಿ ಮುಗಿದ ಕೂಡಲೇ ಸಾದಾ ಹೆಡ್‌ಸೆಟ್‌ಗಿಂತಲೂ ಕಡೆಯಾಗುತ್ತವೆ.

ಹಾಗಾದರೆ ಎಎನ್‌ಆರ್ ಕಿವಿಯನ್ನು ಕಾಯುವುದೇ ಇಲ್ಲವೇ? ಕಾಯುತ್ತದೆ, ಆದರೆ ಬಳಸುದಾರಿಯಿಂದ. ಕೆಳಗಿನ ಕಂಪನಾಂಕದ ದೊಡ್ಡ ಸದ್ದು ತನಗಿಂತ ಮೇಲಿನ ಕಂಪನಾಂಕದ ಸದ್ದುಗಳನ್ನು ಕಿವಿಯೊಳಗೆ ಮುಚ್ಚಿಬಿಡುತ್ತದೆ, ಮಾತಿನ ವ್ಯಂಜನಗಳು ಇರುವುದು ಅಲ್ಲೇ. ಸಾದಾ ಹೆಡ್‌ಸೆಟ್ ಹಾಕಿಕೊಂಡವರು ಮಾತು ಕೇಳಿಸದೆ ಇಂಟರ್‌ಕಾಮಿನ ವಾಲ್ಯೂಮ್ ಏರಿಸುತ್ತಾರೆ. ಹಾಗೆ ಏರಿದ ಸ್ಪೀಕರ್ ಬಟ್ಟಲಿನ ಒಳಗೇ, ಕಿವಿಗೆ ಅಂಗುಲದ ಅಂತರದಲ್ಲಿ ಕೂಗುತ್ತಿರುತ್ತದೆ. ಅದಕ್ಕೆ ಬಟ್ಟಲಿನ ತಡೆ ಅನ್ವಯಿಸುವುದೇ ಇಲ್ಲ. ಮೇಲಿನ 89 ಡೆಸಿಬೆಲ್‌ನ ಲೆಕ್ಕದಲ್ಲಿ ಈ ಮಾತಿನ ಸದ್ದು ಸೇರಿಲ್ಲ ಎಂಬುದನ್ನು ಗಮನಿಸಿ. ಗುಡುಗು ತಗ್ಗಿದಾಗ ಅದೇ ಮಾತು ಬಹಳ ಕಡಿಮೆ ವಾಲ್ಯೂಮ್‌ನಲ್ಲಿ ಸ್ಪಷ್ಟವಾಗುತ್ತದೆ. ಎಎನ್‌ಆರ್ ಕೊಂಡು ವಾಲ್ಯೂಮ್ ಗುಂಡಿಯನ್ನು ಹಳೆಯ ಜಾಗದಲ್ಲೇ ಬಿಡುವವರು ದುಡ್ಡು ಕೊಟ್ಟದ್ದರಲ್ಲಿ ಅರ್ಧವನ್ನೂ ಪಡೆಯುವುದಿಲ್ಲ.

ವಿದ್ಯಾರ್ಥಿಗೆ ಇದರ ಬೆಲೆ ಇತರರಿಗಿಂತ ಹೆಚ್ಚು. ಅನುಭವಿ ಪೈಲಟ್‌ಗೆ ರೇಡಿಯೋದಲ್ಲಿ ಏನು ಬರಬಹುದೆಂಬ ಅಂದಾಜು ಇರುತ್ತದೆ, ಅರ್ಧ ಕೇಳಿದರೂ ಉಳಿದರ್ಧವನ್ನು ತುಂಬಿಕೊಳ್ಳುತ್ತಾರೆ. ನೆಲದಿಂದ ಐದಡಿ ಮೇಲೆ ಹೋವರ್ (ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲುವುದು) ಕಲಿಯುತ್ತಿರುವವರು ಯಂತ್ರವನ್ನು ಬೇಕಾದ ಕಡೆಗೆ ವಾಲಿಸುವ ಸೈಕ್ಲಿಕ್, ಏರಿಸಿ ಇಳಿಸುವ ಕಲೆಕ್ಟಿವ್, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್ ಮೂರನ್ನೂ ಹಿಡಿದಿಡುವ ಪ್ರಯಾಸದಲ್ಲಿರುವಾಗ ತರಬೇತುದಾರರು ಹೇಳುವ ‘ಎಡ ಪೆಡಲ್’ ಎಂಬ ಎರಡು ಪದಗಳನ್ನು ಬಿಡಿಸಿಕೊಳ್ಳಲು ಮನಸ್ಸಿನ ಒಂದು ಪಾಲು ಖರ್ಚಾದರೆ ಹೋವರಿಗೆ ಅಷ್ಟು ಕಡಿಮೆಯಾಗುತ್ತದೆ. ಪಾಠದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಕಲಿಕೆ ಮಂಕಾಗುವುದಕ್ಕೆ ದಣಿವು ಒಂದು ಕಾರಣ. ನಿರಂತರ ಗುಡುಗು ಆ ದಣಿವಿಗೆ ಇನ್ನಷ್ಟು ಸೇರಿಸುತ್ತದೆ.

ಯಂತ್ರದ ದನಿ ಕೇಳಬೇಕೆಂಬ ವಾದ

ಈ ವಾದವನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಂತಿಲ್ಲ. ಹೆಲಿಕಾಪ್ಟರಿನಲ್ಲಿ ರೋಟರ್ ವೇಗ ಕುಸಿಯುವುದೆಂದರೆ ರೆಕ್ಕೆಯೇ ಕುಸಿದಂತೆ. ಆರ್22ರಂಥ ಹಗುರ ರೋಟರಿನಲ್ಲಿ ಎಂಜಿನ್ ನಿಂತಾಗ ಕಲೆಕ್ಟಿವ್ ಇಳಿಸಲು ಸಿಗುವುದು ಒಂದು ಸೆಕೆಂಡಿನ ಆಸುಪಾಸು. ಕಡಿಮೆ ರೋಟರ್ ವೇಗದ ಹಾರ್ನ್ ಮತ್ತು ದೀಪ ಶೇ. 97ರಲ್ಲಿ ಎಚ್ಚರಿಸುತ್ತವೆ. ವೇಗ ಶೇ. 80ಕ್ಕೆ, ಅದರ ಮೇಲೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದರಂತೆ ಸೇರಿಸಿದ ಅಂಕಿಗೆ ಇಳಿದರೆ ರೋಟರ್ ಸ್ಟಾಲ್ ಆಗುತ್ತದೆ, ಅಂದರೆ ಯಂತ್ರವನ್ನು ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ಅಲ್ಲಿಂದ ಮರಳುವ ದಾರಿ ಇಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ 1995ರಲ್ಲಿ ಆರ್22 ಮತ್ತು ಆರ್44 ಹಾರಿಸುವವರಿಗೆ ಎಂದೇ ವಿಶೇಷ ತರಬೇತಿ ನಿಯಮ ತಂದದ್ದರ ಹಿಂದೆ ಇಂಥ ಅಪಘಾತಗಳ ಚಿಂತೆ ಇತ್ತು.

ಶೇ. 104ರಿಂದ 97ಕ್ಕೆ ವೇಗ ಇಳಿದಾಗ ದನಿಯ ಶ್ರುತಿಯೂ ಅದೇ ಅನುಪಾತದಲ್ಲಿ ಇಳಿಯುತ್ತದೆ, ಅದು ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ ಬೆರಳು ಸರಿದಷ್ಟು, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ಸಂಗೀತ ಬಾರದವರ ಕಿವಿಗೂ ಅದು ತಿಳಿಯುತ್ತದೆ. ಎಂಜಿನ್ ವೇಗವನ್ನು ತಾನಾಗಿಯೇ ಹಿಡಿದಿಡುವ ಗವರ್ನರ್ ಇಲ್ಲದ ಹಳೆಯ ಯಂತ್ರಗಳಲ್ಲಿ ಥ್ರಾಟಲ್ ತಿರುಗಿಸುತ್ತ ಕಲಿತವರು ಮುಳ್ಳನ್ನು ನೋಡುವ ಮೊದಲೇ ಕಿವಿಯಿಂದ ವೇಗವನ್ನು ಗುರುತಿಸುತ್ತಿದ್ದರು. ಅವರು ಕಿವಿಯ ಪರವಾಗಿ ಮಾತಾಡುವುದು ಸಹಜ.

ಎಎನ್‌ಆರ್ ಈ ಶ್ರುತಿಯನ್ನು ಪೂರ್ತಿ ಅಳಿಸುತ್ತದೆಯೇ ಎಂಬುದು ಪ್ರಶ್ನೆ. ಅಳಿಸುವುದಿಲ್ಲ. ಮೂಲ ಕಂಪನಾಂಕ ಬಹಳ ತಗ್ಗುತ್ತದೆ, ಅದರ ಮೇಲಿನ ಸ್ವರಗಳು ಉಳಿಯುತ್ತವೆ, ಸೀಟಿನಿಂದ ಮತ್ತು ಪೆಡಲಿನಿಂದ ಬರುವ ಕಂಪನ ಇದ್ದೇ ಇರುತ್ತದೆ. ಶ್ರುತಿಯ ಬದಲಾವಣೆ ಮೆದುವಾಗಿಯಾದರೂ ಕೇಳುತ್ತದೆ. ಆದರೆ ಅದನ್ನು ಮೊದಲ ಸಲ ಕಲಿಯುವವರಿಗೆ ಮೆದುವಾದದ್ದಕ್ಕಿಂತ ಜೋರಾದದ್ದು ಬೇಗ ಮನಸ್ಸಿಗೆ ಹತ್ತುತ್ತದೆಂಬ ತರಬೇತುದಾರರ ಮಾತನ್ನು ನಾನು ಒಪ್ಪುತ್ತೇನೆ. ಅದಕ್ಕೆ ಪರಿಹಾರವೂ ಸುಲಭ: ಎಎನ್‌ಆರ್‌ಗೆ ಸ್ವಿಚ್ ಇದೆ. ಗವರ್ನರ್ ಬಂದ್ ಮಾಡಿ ಹಾರುವ ಪಾಠ, ಆಟೊರೊಟೇಶನ್‌ನ (ಎಂಜಿನ್ ಬಲವಿಲ್ಲದೆ ಇಳಿಯುವುದರ) ಮೊದಲ ಪಾಠಗಳು, ಇಂಥವನ್ನು ತರಬೇತುದಾರರಿಗೆ ತಿಳಿಸಿ ಸ್ವಿಚ್ ಆರಿಸಿಕೊಂಡು ಹಾರಬಹುದು. ಹಾರಾಟದ ನಡುವೆ ಹಾಕಿ ತೆಗೆದು ಮಾಡುವುದು ಮಾತ್ರ ಬೇಡ. ಸದ್ದಿನ ಮಟ್ಟ ಹಠಾತ್ತನೆ ಬದಲಾದಾಗ ಯಂತ್ರಕ್ಕೇ ಏನೋ ಆಯಿತೆಂದು ಮನಸ್ಸು ಒಂದು ಕ್ಷಣ ಬೆಚ್ಚುತ್ತದೆ.

ಹಾರ್ನಿನ ವಿಷಯದಲ್ಲಿ ಜನರ ಭಯ ತಪ್ಪು ಕಡೆಗೆ ತಿರುಗಿದೆ. ಎಚ್ಚರಿಕೆಯ ಹಾರ್ನ್‌ಗಳ ತೀಕ್ಷ್ಣ ಭಾಗ ಎಎನ್‌ಆರ್ ಕೆಲಸ ಮಾಡದ ಮೇಲಿನ ಕಂಪನಾಂಕಗಳಲ್ಲಿ ಬೀಳುತ್ತದೆ; ಅದನ್ನು ಮುಚ್ಚುತ್ತಿದ್ದ ಗುಡುಗು ತಗ್ಗಿದ್ದರಿಂದ ಅದು ಇನ್ನಷ್ಟು ಸ್ಪಷ್ಟವಾಗುವ ಸಂಭವವೇ ಹೆಚ್ಚು. ಹಾರ್ನ್ ಕ್ಯಾಬಿನ್ನಿನೊಳಗೆ ಕೂಗುವ ಯಂತ್ರಗಳಲ್ಲಿ ಅದನ್ನು ತಗ್ಗಿಸುವುದು ಬಟ್ಟಲು, ಮತ್ತು ಗಟ್ಟಿ ಬಟ್ಟಲು ಸಾದಾ ಹೆಡ್‌ಸೆಟ್‌ನಲ್ಲೂ ಇದೆ. ಹಾರ್ನಿನ ಸಂಕೇತವನ್ನು ಇಂಟರ್‌ಕಾಮ್ ಮೂಲಕ ನೇರ ಹೆಡ್‌ಸೆಟ್‌ಗೆ ಕೊಡುವ ಯಂತ್ರಗಳಲ್ಲಿ ಈ ತೊಡಕು ಎರಡು ಬಗೆಯ ಹೆಡ್‌ಸೆಟ್‌ಗೂ ಇಲ್ಲ. ಎಫ್‌ಎಎ 2007ರಲ್ಲಿ ಸದ್ದಳಿಸುವ ಹೆಡ್‌ಸೆಟ್‌ಗಳ ಬಗ್ಗೆ ಹೊರಡಿಸಿದ ಮಾಹಿತಿಪತ್ರವೂ ಅವುಗಳನ್ನು ಬೇಡವೆನ್ನಲಿಲ್ಲ. ಎಚ್ಚರಿಕೆಯ ಸದ್ದುಗಳು ಅದರೊಳಗಿನಿಂದ ಕೇಳುತ್ತವೆಯೇ ಎಂದು ಪೈಲಟ್ ಖಚಿತಪಡಿಸಿಕೊಳ್ಳಬೇಕೆಂಬುದು ಅದರ ತಿರುಳಾಗಿತ್ತು.

ಖಚಿತಪಡಿಸಿಕೊಳ್ಳುವ ಜಾಗ ಹಾರಾಟಕ್ಕೆ ಮುಂಚಿನ ಪರೀಕ್ಷೆಯಲ್ಲೇ ಇದೆ. ರಾಬಿನ್ಸನ್ ಯಂತ್ರಗಳಲ್ಲಿ ಕಲೆಕ್ಟಿವ್ ಪೂರ್ತಿ ಕೆಳಗಿದ್ದಾಗ ಹಾರ್ನ್ ಕೂಗದಂತೆ ಒಂದು ಪುಟ್ಟ ಸ್ವಿಚ್ ತಡೆದಿರುತ್ತದೆ. ನೆಲದ ಮೇಲೆ ವೇಗವನ್ನು ಶೇ. 97ರ ಕಡೆಗೆ ಇಳಿಸುತ್ತ ಕಲೆಕ್ಟಿವನ್ನು ಕೊಂಚ ಎತ್ತಿದಾಗ ಹಾರ್ನ್ ಕೂಗಿ ದೀಪ ಹೊತ್ತಬೇಕು. ಪ್ರತಿ ಹಾರಾಟಕ್ಕೂ ಮುಂಚೆ ಮಾಡುವ ಕೆಲಸವಿದು. ಹೊಸ ಹೆಡ್‌ಸೆಟ್‌ನೊಡನೆ ಮೊದಲ ಸಲ ಕೂತಾಗ ತರಬೇತುದಾರರ ಜೊತೆಗೆ ಈ ಪರೀಕ್ಷೆಯನ್ನು ಎರಡು ಸಲ ಮಾಡಿ, ಒಮ್ಮೆ ಎಎನ್‌ಆರ್ ಹಾಕಿ, ಒಮ್ಮೆ ಆರಿಸಿ. ದೀಪದ ಕಡೆಗೆ ನೋಡದೆ ಕಿವಿಯಿಂದಲೇ ಗೊತ್ತಾಯಿತೇ ಎಂಬುದನ್ನು ಗಮನಿಸಿ. ಗೊತ್ತಾಗದಿದ್ದರೆ ಆ ಹೆಡ್‌ಸೆಟ್ ಎಷ್ಟೇ ದುಬಾರಿಯಾಗಿದ್ದರೂ ಆ ಯಂತ್ರಕ್ಕೆ ಸಲ್ಲದು.

ಇನ್ನು ನಿಜವಾಗಿಯೂ ಕಿವಿಯಿಂದಲೇ ಹಿಡಿಯಬೇಕಾದ ಒಂದು ದೋಷವಿದೆ, ಅದರಲ್ಲಿ ಎರಡೂ ಬಗೆಯ ಹೆಡ್‌ಸೆಟ್ ಸೋಲುತ್ತವೆ. ರಾಬಿನ್ಸನ್ ಕಂಪನಿಯ 28ನೆಯ ಸುರಕ್ಷತಾ ಸೂಚನೆ ಬೇರಿಂಗ್ ಕೆಡುವ ಮುನ್ನ ಅದರ ಸದ್ದು ಏರುತ್ತದೆಂದೂ, ಉಷ್ಣಾಂಶ ಏರುವುದಕ್ಕೂ ಮೊದಲೇ, ಎಷ್ಟೋ ಗಂಟೆಗಳ ಮುಂಚೆಯೇ ಆ ಸದ್ದು ಕೇಳಿಬರಬಹುದೆಂದೂ ಹೇಳಿ, ಎಂಜಿನ್ ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ ಒಂದು ಕಿವಿಯನ್ನು ತೆರೆದು ಚಾಲನಾ ವ್ಯವಸ್ಥೆಯ ದನಿಯನ್ನು ಆಲಿಸಬೇಕೆಂದು ಸೂಚಿಸುತ್ತದೆ. ಕೀರಲು, ಗುರುಗುಟ್ಟು, ಸೈರನ್ನಿನಂಥ ಊಳು, ಇವು ಲಕ್ಷಣಗಳು. ಕೀರಲು ದನಿಯನ್ನು ಹೆಚ್ಚು ತಡೆಯುವುದು ಬಟ್ಟಲು ಎಂಬುದನ್ನು ನೆನೆದರೆ, ಯಂತ್ರದ ದನಿ ಕೇಳಲೆಂದು ಸಾದಾ ಹೆಡ್‌ಸೆಟ್ ಹಾಕಿಕೊಂಡವರು ಮುಖ್ಯವಾದ ದನಿಯನ್ನೇ ಕಳೆದುಕೊಂಡಿರುತ್ತಾರೆ. ಬಟ್ಟಲೊಂದನ್ನು ಕಿವಿಯಿಂದ ಸರಿಸುವುದೇ ತಯಾರಕರು ಹೇಳಿದ ದಾರಿ. ಮಾಮೂಲು ದನಿ ಹೇಗಿರುತ್ತದೆಂಬ ಪರಿಚಯ ಇಲ್ಲದಿದ್ದರೆ ಕೆಟ್ಟದ್ದನ್ನು ಗುರುತಿಸಲಾಗದ ಕಾರಣ, ಮೊದಲ ಪಾಠದಿಂದಲೇ ಇದನ್ನು ರೂಢಿ ಮಾಡಿಕೊಳ್ಳಬೇಕು.

ಹೆಲಿಕಾಪ್ಟರಿಗೇ ಸೇರಿದ ತೊಡಕುಗಳು

ವಿಮಾನದ ಪೈಲಟ್‌ಗಳು ಮೆಚ್ಚಿದ ಹೆಡ್‌ಸೆಟ್ ಹೆಲಿಕಾಪ್ಟರಿನಲ್ಲೂ ಮೆಚ್ಚಿಗೆಯಾಗಬೇಕೆಂದಿಲ್ಲ. ರೋಟರಿನ ಬಡಿತದ ಒತ್ತಡ ಬಟ್ಟಲಿನೊಳಗಿನ ಮೈಕ್‌ನ ಸಾಮರ್ಥ್ಯವನ್ನು ಮೀರಿದಾಗ ಕೆಲವು ಎಎನ್‌ಆರ್ ಮಾದರಿಗಳು ಪಟಪಟನೆ ಸಿಡಿದಂಥ ಸದ್ದು ಮಾಡುತ್ತವೆ. ಸೆಕೆಯ ದಿನಗಳಲ್ಲಿ ಬಾಗಿಲು ತೆಗೆದು ಹಾರುವುದು ತರಬೇತಿಯಲ್ಲಿ ಸಾಮಾನ್ಯ. ಬಾಗಿಲಿಲ್ಲದಾಗ ಗಾಳಿಯ ಹೊಡೆತದಿಂದ ಈ ತೊಂದರೆ ಹೆಚ್ಚುತ್ತದೆ. ‘ಹೆಲಿಕಾಪ್ಟರ್ ಮಾದರಿ’ ಎಂದು ಮಾರುವ ಎಷ್ಟೋ ಹೆಡ್‌ಸೆಟ್‌ಗಳಲ್ಲಿ ಬದಲಾಗಿರುವುದು ಪ್ಲಗ್ ಮತ್ತು ಸುರುಳಿ ಕೇಬಲ್ ಮಾತ್ರ, ಸರ್ಕ್ಯೂಟು ಅದೇ. ಹಾಗಾಗಿ ಹೆಸರು ನೋಡಿ ಕೊಳ್ಳುವುದಕ್ಕಿಂತ ನೀವು ಕಲಿಯುವ ಯಂತ್ರದಲ್ಲೇ, ಬಾಗಿಲು ತೆಗೆದು ಹಾರುವ ರೂಢಿ ಇದ್ದರೆ ಹಾಗೆಯೇ, ಒಂದು ಪಾಠಕ್ಕೆ ಎರವಲು ಪಡೆದು ನೋಡುವುದು ಮೇಲು. ಮೈಕ್‌ನ ಮೇಲೆ ಸ್ಪಂಜಿನ ಟೊಪ್ಪಿಗೆ ಇರಲೇಬೇಕು. ಕೇಬಲ್ಲಿನ ಸಡಿಲ ಭಾಗವನ್ನು ಬೆಲ್ಟಿನೊಳಗೆ ಸೇರಿಸಿಕೊಳ್ಳಬೇಕು, ಏಕೆಂದರೆ ಬಾಗಿಲಿಲ್ಲದ ಯಂತ್ರದಿಂದ ಹೊರಗೆ ಹಾರಿದ ವಸ್ತು ಹಿಂದೆ ಹೋಗಿ ಸೇರುವ ಜಾಗ ಬಾಲದ ರೋಟರ್.

ಪ್ಲಗ್‌ನ ವಿಷಯವನ್ನು ಕೊಳ್ಳುವ ಮೊದಲೇ ವಿಚಾರಿಸಿ. ಸಣ್ಣ ವಿಮಾನಗಳಲ್ಲಿ ಕೇಳುವುದಕ್ಕೊಂದು, ಮಾತಿಗೊಂದು ಎಂಬಂತೆ ಜೋಡಿ ಪ್ಲಗ್ ಇರುತ್ತದೆ. ರಾಬಿನ್ಸನ್ ಸೇರಿದಂತೆ ಬಹುಪಾಲು ಹೆಲಿಕಾಪ್ಟರ್‌ಗಳಲ್ಲಿ ಯು-174 ಎಂಬ ಒಂಟಿ ಪ್ಲಗ್. ಅಡಾಪ್ಟರ್ ಸಿಗುತ್ತದೆ, ಆದರೆ ಅದು ಸಡಿಲವಾಗಬಹುದಾದ ಇನ್ನೊಂದು ಜಾಗ. ಬಳಸಿದ ಮಿಲಿಟರಿ ಹೆಡ್‌ಸೆಟ್‌ಗಳಲ್ಲಿ ಇದೇ ಆಕಾರದ ಪ್ಲಗ್ ಇದ್ದರೂ ಅವುಗಳ ವಿದ್ಯುತ್ ಪ್ರತಿರೋಧ ತೀರ ಕಡಿಮೆ, ಮೈಕ್‌ನ ಬಗೆಯೂ ಬೇರೆ. ನಾಗರಿಕ ಇಂಟರ್‌ಕಾಮ್‌ನಲ್ಲಿ ದನಿ ಸರಿಯಾಗಿ ಬಾರದು. ಅಗ್ಗವಾಗಿ ಸಿಕ್ಕಿತೆಂದು ತಂದವರು ಮೋಸಹೋಗುವುದು ಇಲ್ಲೇ.

ಕನ್ನಡಕ ಹಾಕುವವರಿಗೆ ಎಎನ್‌ಆರ್ ಹೆಚ್ಚು ಉಪಕಾರಿ. ಕನ್ನಡಕದ ಕಡ್ಡಿ ಕಿವಿಯ ದಿಂಡನ್ನು ಎತ್ತಿ ಹಿಡಿದ ಸಂದಿಯಿಂದ ಮೊದಲು ನುಗ್ಗುವುದು ಗುಡುಗಿನ ಸದ್ದು. ಅದರಲ್ಲಿ ಸ್ವಲ್ಪವನ್ನು ಸರ್ಕ್ಯೂಟು ಸರಿದೂಗಿಸುತ್ತದೆ. ತೆಳು ಕಡ್ಡಿಯ ಕನ್ನಡಕ ಎರಡೂ ಬಗೆಗೆ ಒಳ್ಳೆಯದು. ತೂಕದಲ್ಲೂ ಎಎನ್‌ಆರ್ ಮುಂದು: ಬೋಸ್ ಎ20 ಸುಮಾರು 340 ಗ್ರಾಂ ಇದ್ದು, ತಲೆಯನ್ನು ಒತ್ತುವ ಬಲವೂ ಕಡಿಮೆ. ಸಾದಾ ಹೆಡ್‌ಸೆಟ್‌ನ ರಕ್ಷಣೆ ಒತ್ತುವ ಬಲದ ಮೇಲೆಯೇ ನಿಂತಿರುವುದರಿಂದ ಅದನ್ನು ಸಡಿಲಿಸುವಂತಿಲ್ಲ. ಬ್ಯಾಟರಿಯ ಚಿಂತೆ ಸಾದಾ ಹೆಡ್‌ಸೆಟ್‌ಗೆ ಇಲ್ಲ, ಅದರ ಆಯುಷ್ಯವೂ ದೊಡ್ಡದು. ದಿಂಡು ಮತ್ತು ಮೈಕ್ ಬದಲಿಸುತ್ತ ದಶಕಗಟ್ಟಲೆ ಬಳಸುವವರಿದ್ದಾರೆ. ಬ್ಲೂಟೂತ್ ಇದ್ದರೆ ಪಾಠದ ಹೊತ್ತಿನಲ್ಲಿ ಆರಿಸಿಡಿ.

ಇನ್ನಿತರ ದಾರಿಗಳು

ಕಿವಿಯೊಳಗೆ ಮೆತ್ತನೆಯ ಫೋಮ್ ತುದಿ ಸೇರಿಸುವ ಹಗುರ ಹೆಡ್‌ಸೆಟ್‌ಗಳಿವೆ, ಕ್ಲಾರಿಟಿ ಅಲಾಫ್ಟ್ ಅಂಥದ್ದು. ಬ್ಯಾಟರಿ ಬೇಡ, ಸೆಕೆಯಿಲ್ಲ, ಕನ್ನಡಕದ ತೊಡಕಿಲ್ಲ. ಆದರೆ ತುದಿಯನ್ನು ಹಿಸುಕಿ ಸರಿಯಾಗಿ ಒಳಗೆ ಕೂರಿಸುವ ಅಭ್ಯಾಸ ಬೇಕು, ಸರಿಯಾಗಿ ಕೂರದಿದ್ದರೆ ರಕ್ಷಣೆ ಇಲ್ಲವೇ ಇಲ್ಲ. ಅಲ್ಲದೆ ಬೇರಿಂಗ್ ಆಲಿಸಲು ಒಂದು ಕಿವಿ ತೆರೆಯುವುದು ಇದರಲ್ಲಿ ರಗಳೆಯ ಕೆಲಸ. ಸಾದಾ ಹೆಡ್‌ಸೆಟ್‌ನ ಕೆಳಗೆ ಫೋಮ್ ಇಯರ್‌ಪ್ಲಗ್ ಹಾಕುವುದು ಅಗ್ಗದ ಉಪಾಯ. ಎರಡರ ರಕ್ಷಣೆಯ ಅಂಕಿಗಳನ್ನು ಕೂಡಿಸುವಂತಿಲ್ಲ, ಹೆಚ್ಚಾಗುವುದು ಐದು ಡೆಸಿಬೆಲ್ ಆಸುಪಾಸು ಎಂದು ಲೆಕ್ಕ ಹಿಡಿಯಬೇಕು, ಮತ್ತು ಇಂಟರ್‌ಕಾಮ್ ವಾಲ್ಯೂಮ್ ಏರಿಸಬೇಕಾಗುತ್ತದೆ. ಹೆಲ್ಮೆಟ್ ವೃತ್ತಿಯಲ್ಲಿ ಮುಂದೆ ಹೋದವರಿಗೆ ತಕ್ಕದ್ದೇ ಆದರೂ ಆರಂಭದ ಪಾಠಗಳಲ್ಲಿ ಕಡಿಮೆ ಜನ ಬಳಸುತ್ತಾರೆ.

ಸಂಗೀತ ಕೇಳುವ ಸದ್ದಳಿಸುವ ಹೆಡ್‌ಫೋನ್‌ಗೆ ಮೈಕ್ ಜೋಡಿಸಿ ಬಳಸುವ ಕಿಟ್‌ಗಳನ್ನು ವಿದ್ಯಾರ್ಥಿಗಳಿಗೆ ನಾನು ಶಿಫಾರಸು ಮಾಡಲಾರೆ. ಅವುಗಳ ಬಟ್ಟಲು ತೆಳು. ಜೊತೆಗೆ ಸರ್ಕ್ಯೂಟು ಪ್ರಯಾಣಿಕ ವಿಮಾನದ ಒಳಗಿನ ಹದವಾದ ಸದ್ದಿಗೆ ತಕ್ಕಂತೆ ಮಾಡಿದ್ದು, ಎಚ್ಚರಿಕೆಯ ದನಿಗಳನ್ನು ಏನು ಮಾಡುತ್ತದೆಂದು ಯಾರೂ ಪರೀಕ್ಷಿಸಿ ಕೊಟ್ಟಿರುವುದಿಲ್ಲ. ಎಫ್‌ಎಎಯ ಟಿಎಸ್‌ಒ-ಸಿ139 ಎಂಬ ಮಾನದಂಡಕ್ಕೆ ಹೊಂದಿದ ಹೆಡ್‌ಸೆಟ್ ಹಾರಾಟದ ಬಳಕೆಗೆಂದೇ ಪರೀಕ್ಷೆಗೆ ಒಳಗಾಗಿರುತ್ತದೆ.

ಯಾರಿಗೆ ಯಾವುದು

ಪರಿಚಯದ ಕೆಲವು ಪಾಠಗಳನ್ನಷ್ಟೇ ಹಾರಿ ಮುಂದುವರಿಯುವುದೋ ಬೇಡವೋ ಎಂದು ತೀರ್ಮಾನಿಸಲಿರುವವರು ಏನನ್ನೂ ಕೊಳ್ಳದೆ ಶಾಲೆಯ ಹೆಡ್‌ಸೆಟ್ಟನ್ನೇ ಬಳಸಲಿ. ಅದು ಹೆಚ್ಚಾಗಿ ಸಾದಾ ಹೆಡ್‌ಸೆಟ್ ಆಗಿರುತ್ತದೆ; ಅದರ ಕಿವಿಯ ದಿಂಡು ಬಿರುಕು ಬಿಟ್ಟಿಲ್ಲವೇ, ಒತ್ತಿದರೆ ಮೆತ್ತಗೆ ಮರಳುತ್ತದೆಯೇ ಎಂದು ನೋಡಿಕೊಳ್ಳುವುದು ಸಾಕು. ಖಾಸಗಿ ಪರವಾನಗಿಗಷ್ಟೇ ಕಲಿಯುವವರಿಗೆ, ದಿನಕ್ಕೆ ಒಂದು ಪಾಠಕ್ಕಿಂತ ಹೆಚ್ಚು ಹಾರದಿದ್ದರೆ, ಒಳ್ಳೆಯ ಸಾದಾ ಹೆಡ್‌ಸೆಟ್ ನ್ಯಾಯವಾದ ಆಯ್ಕೆ. ಎಎನ್‌ಆರ್‌ನ ಬೆಲೆ ಅದರ ಎರಡು ಮೂರು ಪಟ್ಟು. ಆ ಹೆಚ್ಚಿನ ಹಣದಿಂದ ಇನ್ನೆರಡು ಗಂಟೆ ಹಾರುವುದು ಕೆಲವರಿಗೆ ಹೆಚ್ಚು ಕಲಿಸಬಹುದು. ಆದರೆ ಇಂಟರ್‌ಕಾಮ್‌ನ ಮಾತು ಅರ್ಥವಾಗದೆ ಮತ್ತೆ ಮತ್ತೆ ಕೇಳಬೇಕಾಗುತ್ತಿದ್ದರೆ, ತರಬೇತಿಯ ಭಾಷೆ ತಮ್ಮ ಮನೆಮಾತಲ್ಲದಿದ್ದರೆ, ಈಗಾಗಲೇ ಕಿವಿ ತುಸು ಮಂದವಾಗಿದ್ದರೆ, ಇಲ್ಲವೇ ಕನ್ನಡಕ ಬಿಡಲಾಗದಿದ್ದರೆ, ಇಂಥವರು ಎಎನ್‌ಆರ್‌ಗೆ ಹೋಗುವುದೇ ಸರಿ. ಕಳೆದುಹೋದ ಪ್ರತಿ ಮಾತನ್ನೂ ಅವರು ಹಾರಾಟದ ಗಂಟೆಯ ದರದಲ್ಲೇ ಮತ್ತೆ ಕೇಳುತ್ತಿರುತ್ತಾರೆ.

ವೃತ್ತಿಯಾಗಿ ಹಾರಲು ಹೊರಟವರು, ಅದರಲ್ಲೂ ಮುಂದೆ ತರಬೇತುದಾರರಾಗಿ ಗಂಟೆಗಳನ್ನು ಕೂಡಿಸಲಿರುವವರು, ಹೇಗೂ ಒಂದು ದಿನ ಎಎನ್‌ಆರ್ ಕೊಳ್ಳಲೇಬೇಕು. ಆ ದಿನವನ್ನು ಮುಂದೂಡುವುದರಲ್ಲಿ ಲಾಭ ಕಾಣುವುದಿಲ್ಲ. ಅವರು ಬಟ್ಟಲಿನ ತಡೆ ಚೆನ್ನಾಗಿರುವ, ಯು-174 ಪ್ಲಗ್ ಇರುವ, ಬಾಗಿಲಿಲ್ಲದಾಗಲೂ ಪಟಪಟಿಸದ ಮಾದರಿಯನ್ನು ಆರಿಸಿಕೊಂಡು, ಮೊದಲ ಹತ್ತಾರು ಗಂಟೆಗಳಲ್ಲಿ ಯಾವ ಪಾಠಕ್ಕೆ ಸ್ವಿಚ್ ಆರಿಸಬೇಕೆಂಬುದನ್ನು ತರಬೇತುದಾರರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಲಿ. ಹಾರಾಟದ ನಡುವೆ ಬ್ಯಾಟರಿ ಮುಗಿದಾಗ ಗುಡುಗು ಒಮ್ಮೆಲೇ ಮರಳುವುದು ಹೇಗಿರುತ್ತದೆಂದು ಮೊದಲ ಒಂಟಿ ಹಾರಾಟಕ್ಕೆ ಮುಂಚೆಯೇ, ಪಕ್ಕದಲ್ಲಿ ತರಬೇತುದಾರರು ಇರುವಾಗಲೇ ಒಮ್ಮೆ ನೋಡಿಕೊಂಡಿರಬೇಕು. ವಾಲ್ಯೂಮ್ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿದ್ದರೆ ಆಗ ಕಣ್ಣನ್ನು ಹೊರಗಿನ ನೋಟದಿಂದ ಕೀಳಬೇಕಾಗುವುದಿಲ್ಲ.